ಡ್ಯಾಂಪ್

ರೋಂಡಾ ಕಣಿವೆಯ ಸಾಲುಮನೆ.
ಕೌನ್ಸಿಲ್ಲಿನ ಹುಡುಗ ಗೋಡೆಗೆ ಮೀಟರು ಚುಚ್ಚಿ
ಬರೆದುಕೊಂಡ: ಡ್ಯಾಂಪ್.

ನೆಸ್ಟಾ ನಕ್ಕಳು.
ಇಸ್ತ್ರಿಗೆ ಮುಂಚೆ ಅಂಗಿಗೆ ನೀರು ಚಿಮುಕಿಸುವುದೂ ಅದೇ,
ಬೆಳಗಾದರೂ ಒಣಗದ ಕಾಲುಚೀಲದ ಹಟವೂ ಅದೇ,
ಚರ್ಚಿನ ಪಿಯಾನೋದಲ್ಲಿ ತಂತಿಯ ಬಾಯಿ ಮುಚ್ಚುವ
ಉಣ್ಣೆಯ ತುಂಡಿಗೂ ಹೆಚ್ಚೂಕಮ್ಮಿ ಅದೇ ಹೆಸರು.

"ನಮ್ಮಜ್ಜ ಎಮ್ಲಿನ್ ಹೇಳುತ್ತಿದ್ದ ಡ್ಯಾಂಪು ಬೇರೆ, ಮಗಾ.
ಅದಕ್ಕೆ ನೀರಿನ ಪಸೆಯೇ ಇಲ್ಲ.
ಗಣಿಯೊಳಗೆ ಅದು ಗಾಳಿ.
ದೀಪದ ಕುಡಿ ನೀಲಿಗೆ ತಿರುಗಿದರೆ
ಓಡಬೇಕು.
ಒಂದು ಸಲ ಅವನೇ ಓಡಲಿಲ್ಲ."

ಹುಡುಗ ಪೆನ್ನು ಎತ್ತಿದ.
ಫಾರಮಿನಲ್ಲಿ ಅದಕ್ಕೆ ಚೌಕವಿರಲಿಲ್ಲ.

ಅವನು ಹೋದಮೇಲೆ
ಅಜ್ಜನ ಫೋಟೋ ಇಳಿಸಿ ಸೆರಗಿಲ್ಲದ ಏಪ್ರನ್ನಿನಲ್ಲೇ ಒರೆಸಿದಳು.
ಹಿಂದೆ, ಗೋಡೆಯ ಮೇಲೆ,
ಫೋಟೋದಷ್ಟೇ ಅಗಲದ ಬೂಷ್ಟು,
ಕಲ್ಲಿದ್ದಲಿನ ಬಣ್ಣ.