ಬಿಟ್ಟು

ಬೈತಖೋಲ್ ಬಂದರಿನ ಕಚೇರಿಯಲ್ಲಿ
ಹೇಳಿಕೆ ಬರೆಯುವುದು ನನ್ನ ಕೆಲಸ.
ಅವರು ಕೊಂಕಣಿಯಲ್ಲಿ ಹೇಳುತ್ತಾರೆ, ನಾನು ಕನ್ನಡಕ್ಕೆ ಇಳಿಸುತ್ತೇನೆ,
ಕೆಳಗೆ ಸಹಿ, ಇಲ್ಲವೇ ಹೆಬ್ಬೆಟ್ಟು.

ಪುರ್ಸು ತಾಂಡೇಲ ಕುರ್ಚಿಯ ತುದಿಗೆ ಕೂತು
ಒಂದೇ ವಾಕ್ಯ ಆಡಿದ:
ತಾಕಾ ಸೋಡೂನ್ ಆಮಿ ಸಗಳೇ ಆಯ್ಲೇ.
ಬರೆದೆ: ಅವನನ್ನು ಬಿಟ್ಟು ನಾವೆಲ್ಲ ಬಂದೆವು.

ಅಲ್ಲಿಗೆ ಪೆನ್ನು ನಿಂತಿತು.
ಎಂಟು ಜನ ಹೋಗಿದ್ದ ದೋಣಿಯಲ್ಲಿ ಏಳು ಜನ.
ಇದು ಲೆಕ್ಕವೋ, ತಪ್ಪೊಪ್ಪಿಗೆಯೋ?
ಬಿಟ್ಟು ಅಂದರೆ ಅವನನ್ನು ಎಣಿಸದೆಯೋ
ಅಲೆಯ ನಡುವೆ ಕೈ ಬಿಟ್ಟೋ?
ಎದುರಿನ ಗೋಡೆಯಲ್ಲಿ ನಮ್ಮದೇ ಬೋರ್ಡು:
ಭಾನುವಾರ ಬಿಟ್ಟು ಎಲ್ಲ ದಿನ ತೆರೆದಿರುತ್ತದೆ.
ಭಾನುವಾರವನ್ನು ಯಾರೂ ನೀರಿಗೆ ನೂಕಿದ್ದಿಲ್ಲ.

ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ, ರಾತ್ರಿ ಊಟದ ಮೇಲೆ,
ಮೂರು ವರ್ಷದಿಂದ ನಾನೊಂದು ಭಾಷೆ ಕಲಿಯುತ್ತಿದ್ದೇನೆ.
ಲೋಜ್ಬಾನ್ ಅಂತ ಹೆಸರು.
ಅದಕ್ಕೆ ಊರಿಲ್ಲ, ತವರಿಲ್ಲ,
ತರ್ಕದ ಉಳಿಯಿಂದ ಕೆತ್ತಿದ್ದು,
ಒಂದು ವಾಕ್ಯ ಎರಡು ದಾರಿ ಹಿಡಿಯಬಾರದೆಂದು.
ಮಾತಾಡೋಕೆ ಯಾರಿದ್ದಾರೆ ಅದರಲ್ಲಿ, ಹೆಂಡತಿ ನಗುತ್ತಾಳೆ.
ಈ ಊರಲ್ಲಿ ಯಾರೂ ಇಲ್ಲ,
ನನ್ನನ್ನು ಬಿಟ್ಟು.

ಅದರಲ್ಲಿ ರೋ ಅಂದರೆ ಎಲ್ಲ. ನೋ ಅಂದರೆ ಸೊನ್ನೆ.
ದಹ ಅಂದರೆ, ಇಷ್ಟನ್ನು ಕಳೆದು ಮಿಕ್ಕಿದ್ದೆಲ್ಲ.
ಎಷ್ಟು ಎಂದು ಹೇಳದೇ ಹೋದರೆ
ಒಂದು ಎಂದೇ ತಿಳಿಯತಕ್ಕದ್ದು.
ನಿಯಮ ಮಾಡಿದವರು ಯಾವ ಬಂದರು ನೋಡಿದ್ದರೋ,
ತಪ್ಪಿಹೋಗುವುದು ಸಾಮಾನ್ಯವಾಗಿ ಒಬ್ಬನೇ
ಎಂದು ಗೊತ್ತಿತ್ತು ಅವರಿಗೆ.

ಮೀನುಗಾರಿಕೆ ನಿಂತ ಮಳೆಗಾಲದ ದಿನಗಳಲ್ಲಿ
ದಾಖಲೆಯಲ್ಲಿ ನಾನು ಧೈರ್ಯವಾಗಿ ಬರೆಯಬಹುದು:
ಹೋದ ದೋಣಿಗಳೆಲ್ಲ ಮರಳಿವೆ.
ಹೋದದ್ದು ಸೊನ್ನೆ, ಮಾತು ನಿಜ.
ಏನೂ ಇಲ್ಲದ ಕಡೆ ‘ಎಲ್ಲ’ ಎನ್ನಬಹುದೇ ಎಂದು
ಆ ಭಾಷೆಯವರಲ್ಲೇ ಜಗಳವುಂಟು.
ನನಗಂತೂ ಅದಕ್ಕಿಂತ ನೆಮ್ಮದಿಯ ನಿಜ ಸಿಕ್ಕಿಲ್ಲ.

ಆ ರಾತ್ರಿ ಪುರ್ಸುವಿನ ವಾಕ್ಯವನ್ನು
ಲೋಜ್ಬಾನಿಗೆ ಹಾಕಿ ನೋಡಿದೆ.
ಬೆನ್ನಿಗೆ ಕತ್ತಿ ತಾಗಿದ ಬಂಗಡೆಯಂತೆ ಎರಡಾಗಿ ಸೀಳಿತು.
ತೊರೆದು ಬಂದೆವು ಅನ್ನಲು ಬೇರೆ ಕ್ರಿಯಾಪದ,
ತೊರೆದವರು ಯಾರೆಂದು ಹೇಳಲು ಅದಕ್ಕೊಂದು ಜಾಗ.
ಇನ್ನೊಂದು ಹೋಳು ಹೀಗೆ: ಪೊಯ್ ನಾ ದು,
ಯಾರು ಅವನಲ್ಲವೋ ಅವರೆಲ್ಲ ಬಂದರು.
ಅಷ್ಟೇ.
ಅವನು ಬರಲಿಲ್ಲ ಎಂದು ಅದರಲ್ಲಿಲ್ಲ.
ಅದಕ್ಕೆ ಮತ್ತೊಂದು ವಾಕ್ಯ ಬೇಕು,
ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಮಾರನೆಯ ದಿನ ಸುಗಂಧಾ ಮಾಜಾಳಿಕರ ಬಂದಳು,
ಮೀನಿನ ಬುಟ್ಟಿ ಬಾಗಿಲಾಚೆ ಇಟ್ಟು.
ಓದಿ ಹೇಳಿದೆ.
‘ಬಿಟ್ಟು’ ಅಂದರೇನು ಎಂದಳು, ನನ್ನನ್ನಲ್ಲ, ಪುರ್ಸುವನ್ನು ನೋಡಿ.
ಅವನು ಎರಡೂ ಅಂಗೈ ಬಿಚ್ಚಿ ತೋರಿಸಿದ.
ಹಗ್ಗ ಉಜ್ಜಿ ಚರ್ಮ ಸುಲಿದಿತ್ತು.
ಎಳೆದದ್ದಕ್ಕೋ, ಜಾರಲು ಬಿಟ್ಟದ್ದಕ್ಕೋ
ಗಾಯ ಹೇಳುವುದಿಲ್ಲ.

ನಾನು ಹಳೆಯ ಸಾಲು ಹೊಡೆದುಹಾಕಿ ಬರೆದೆ:
ವಾಮನ ಮಾಜಾಳಿಕರ ಅಲ್ಲದವರೆಲ್ಲ ಬಂದಿದ್ದಾರೆ.
ಅವಳು ಬೆರಳಿಟ್ಟು ಎರಡು ಸಲ ಓದಿಕೊಂಡಳು.
‘ಹಾಗಾದರೆ ಅವರ ಬಗ್ಗೆ ಇದರಲ್ಲಿ ಏನೂ ಹೇಳಿಲ್ಲ.’
ಇಲ್ಲ ಅಂದೆ.
‘ಹಾಗೇ ಇರಲಿ’ ಎಂದು ಸಹಿ ಹಾಕಿದಳು,
ಹೊರಗೆ ಹೋಗಿ ಬುಟ್ಟಿಯ ಮೇಲಿನ ಕಾಗೆ ಓಡಿಸಿದಳು.

ಸೋಮವಾರ ಕಡತ ಮೇಲಿನಿಂದ ವಾಪಸು ಬಂತು.
ಅಂಚಿನಲ್ಲಿ ಕೆಂಪು ಶಾಯಿ:
ಅಸ್ಪಷ್ಟ. ತಿದ್ದಿ ಕಳಿಸುವುದು.

ಇನ್ನೂ ತಿದ್ದಿಲ್ಲ.