ನಾಲ್ಕನೆಯ ಸಲಾಕೆ

ಜಿನೋವಾ ಬಂದರಿನ ಮೇಲ್ಗಡೆ, ಗುಡ್ಡಕ್ಕೆ ಬೆನ್ನು ಕೊಟ್ಟ
ಪ್ರಯೋಗಶಾಲೆಯ ನೆಲಮಾಳಿಗೆಯಲ್ಲಿ
ಗಾಳಿಗೊಂದು ಸುರಂಗ.
ಅದರ ಬಾಯಲ್ಲಿ ಇಪ್ಪತ್ತೊಂದು ಸಲಾಕೆ,
ಚೈನಿಗೆ ಬಿಗಿದು ಸುತ್ತಿಗೆ ಬಿಟ್ಟವು.
ಹಿಂದೆ ಏಳು ಅಲಗು, ಕದಲದೆ ನಿಂತಿವೆ
ಗುರುಗಳ ಎದುರಿನ ಮಕ್ಕಳ ಹಾಗೆ.
ಹಾದುಹೋದ ಪ್ರತಿ ಸಲಾಕೆಯೂ
ತನ್ನ ಜಾಡಿನ ಕದಡನ್ನು ಅವುಗಳ ಮುಖಕ್ಕೆ ಎರಚುತ್ತದೆ.

ಮೂರನೆಯ ಮಹಡಿಯಲ್ಲಿ ಓರಿಯೆಟ್ಟಾ
ಅದೇ ಗಾಳಿಯನ್ನು ಅಂಕಿಗಳಲ್ಲಿ ಬೀಸುತ್ತಾಳೆ.
ಬೀಸುವುದೆಂದರೆ ರಾಗಿ ಬೀಸಿದ ಹಾಗೆಯೇ:
ನಾಲ್ಕು ಕೋಟಿ ಕಾಳು, ನಾಲ್ಕು ಕೋಟಿ ಪುಟ್ಟ ಚೌಕ,
ಹನ್ನೊಂದು ಗಂಟೆ ಯಂತ್ರ ತಿರುಗಿದರೆ
ಒಂದು ಸಲಾಕೆ ದಾಟಿದಷ್ಟು ಹಿಟ್ಟು.

ಮೊದಲು ನಯವಾದ ಗಾಳಿ ಬಿಟ್ಟಳು.
ಸಂಭಾವಿತ ಗಾಳಿ, ಇಸ್ತ್ರಿ ಮಾಡಿದ್ದು.
ಅಲಗಿನ ಬೆನ್ನು ಹತ್ತಿತು, ನಡು ದಾಟಿತು.
ಅಲ್ಲಿಂದಾಚೆ ಕಣ್ಣಿಗೆ ಇಳಿಜಾರು,
ಗಾಳಿಗೆ ಮಾತ್ರ ಏರು, ಒತ್ತಡದ ಏರು.
ಏದುಸಿರು ಬಿಟ್ಟು ಕೈಚೆಲ್ಲಿತು.
ಬೆನ್ನಿಗೂ ಗಾಳಿಗೂ ನಡುವೆ ಗುಳ್ಳೆಯೊಂದು ಎದ್ದು
ಅದರೊಳಗೆ ಸೋಮಾರಿ ಸುಳಿ
ಹಿಂದುಹಿಂದಕ್ಕೆ ಹೊರಳಿತು.

ಆಮೇಲೆ ಸಲಾಕೆಯ ಜಾಡು ಸೇರಿಸಿದಳು.
ಪುಂಡ ಗಾಳಿ ಬಂತು, ತೋಳು ಮಡಚಿ,
ಮೇಲಿನ ಪದರವನ್ನು ಕೆಳಕ್ಕೆ ತಳ್ಳಿ
ಕೆಳಗಿನದನ್ನು ಎಬ್ಬಿಸಿ ಕೂರಿಸಿ
ಗುಳ್ಳೆಯನ್ನು ಒಡೆಯಿತು.
ಬಿಟ್ಟುಹೋಗಿದ್ದ ಗಾಳಿ ಮತ್ತೆ ಬೆನ್ನಿಗಂಟಿತು.
ಪುಂಡ ಹೋದ ಮೇಲೆ, ಒಂದು ಗಳಿಗೆ,
ಎಲ್ಲ ತೆಪ್ಪಗೆ.

‘ಇದು ನನಗೆ ಗೊತ್ತಿರೋದೇ’ ಅಂದ ಜೆರೋಲಮೋ,
ಕೆಳಗಿನ ಸುರಂಗದ ಯಜಮಾನ,
ಕೂದಲಿಗಿಂತ ತೆಳ್ಳನೆಯ ತಂತಿಯಿಂದ ಗಾಳಿಯ ನಾಡಿ ಹಿಡಿಯುವವನು
(ಸೀನಿದರೆ ತಂತಿ ಸಾಯುತ್ತದೆ).
‘ಓಲ್ಬಿಯಾ ಹಡಗು ರಾತ್ರಿ ಹೊರಡುತ್ತಲ್ಲ,
ನನ್ನ ದೋಣಿ ಕುಲುಕಾಡುತ್ತೆ, ಬೈತೀನಿ.
ಬೈದು ಮುಗಿಯೋ ಹೊತ್ತಿಗೆ ನೀರು ಅಂಗೈ ಥರ.
ಹಡಗು ಬರೋಕೆ ಮುಂಚೇನೂ ಅಷ್ಟು ಸಪಾಟಾಗಿರಲಿಲ್ಲ.’

‘ಅದಕ್ಕೊಂದು ಹೆಸರಿದೆ, ತಣಿದ ವಲಯ ಅಂತ.’
‘ಹೆಸರಿಟ್ಟೋರ ಹತ್ರ ದೋಣಿ ಇತ್ತಾ?’

ಆದರೂ ಲೆಕ್ಕ ಕೂಡಲಿಲ್ಲ.
ತಂತಿ ಬರೆದ ಗೆರೆಯಲ್ಲಿ
ಇಪ್ಪತ್ತೊಂದಕ್ಕೊಮ್ಮೆ ಒಂದು ಅಲೆ ತಡವಾಗಿ ಏಳುತ್ತದೆ,
ಹಾಜರಿ ಕೂಗಿ ಮುಗಿದ ಮೇಲೆ
ಬಾಗಿಲಲ್ಲಿ ನಿಂತ ಹುಡುಗನ ಹಾಗೆ.
ಅವಳ ಗೆರೆಯಲ್ಲಿ ಎಲ್ಲವೂ ಗಡಿಯಾರ.

ಚೌಕಗಳನ್ನು ಸಣ್ಣ ಮಾಡಿದಳು.
ಕಾಲವನ್ನು ಇನ್ನೂ ತೆಳ್ಳಗೆ ಕೊಯ್ದಳು.
ಸರಾಸರಿ ತೆಗೆದರೆ ತಪ್ಪು ಮಾಯ,
ಆ ಮಾಯಕ್ಕೆ ಅವಳಿಗೆ ನಾಚಿಕೆಯಾಯಿತು.
ಐದು ವಾರ. ಕಿಟಕಿಯಾಚೆ ಕ್ರೇನುಗಳು
ಡಬ್ಬಿ ಎತ್ತಿದವು, ಇಳಿಸಿದವು.

ಕೊನೆಗೆ ಮೆಟ್ಟಿಲಿಳಿದು ಕೇಳಿದಳು.
‘ಯಾವುದು, ನಾಲ್ಕನೇದಾ?
ಕೆಂಪು ಬಣ್ಣ ಬಳಿದಿರೋದು? ಅದು ಬಗ್ಗಿದೆ.
ತೊಂಬತ್ತಾರರಲ್ಲಿ ಏಣಿ ಬಿತ್ತು ಅದರ ಮೇಲೆ.
ಬೀಳಿಸಿದ್ದು ನಾನೇ.
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.’

ಅವಳು ಮೇಲೆ ಹೋಗಿ
ಎಂದೂ ಯಾರ ಕೈಯೂ ತಾಗದ, ತುಕ್ಕು ಹಿಡಿಯದ,
ನೆಟ್ಟಗೆ ನಿಂತಿದ್ದ ಇಪ್ಪತ್ತೊಂದರಲ್ಲಿ
ಒಂದನ್ನು ಬಗ್ಗಿಸಿದಳು.
ಹತ್ತು ದಿನ ಬೀಸಿತು ಯಂತ್ರ.
ಹತ್ತನೆಯ ದಿನ, ಬೆಳಗಿನ ಜಾವ,
ತಡವಾದ ಅಲೆ ತಡವಾಗಿಯೇ ಎದ್ದಿತು.
ಅಷ್ಟು ವರ್ಷದ ಹಿಂದೆ ಬಿದ್ದ ಏಣಿಯ ಸದ್ದು
ಮೂರನೆಯ ಮಹಡಿಗೆ ಈಗ ಮುಟ್ಟಿತು.

ಓಡಿ ಬಂದವಳನ್ನು ನೋಡಿ
ಕಡಲೆಹಿಟ್ಟಿನ ರೊಟ್ಟಿ ಮುರಿಯುತ್ತಿದ್ದವನು
‘ಎಷ್ಟು ಬಗ್ಗಿಸಿದೆ?’ ಅಂದ.
‘ಎರಡು ಮಿಲಿಮೀಟರು.’
ಬೆರಳಿನ ಎಣ್ಣೆ ಅಂಗಿಗೆ ಒರೆಸಿಕೊಂಡು
ಸ್ವಲ್ಪ ಯೋಚಿಸಿದ.
‘ಎರಡೂವರೆ.’