ಕರೆಂಟ್ ಹೋದ ಮೇಲಿನ ಹೊಗೆ

ದಸ್ತಗೀರ್ ಸಾಬರು ಗೋಡೆ ಕೊರೆಯುವ ಮುಂಚೆ
ಗೋಡೆಯನ್ನು ಬೆರಳ ಗಿಣ್ಣಿನಿಂದ ತಟ್ಟಿದರು.
ಆಚೆಗೇನಿದೆ? ನನ್ನನ್ನು ಕೇಳಿದರು.
ಸಂದಿ, ಎಂದೆ. ಸಂದಿಯಾಚೆ ಜಯಶೀಲಮ್ಮ ಮಲಗುವ ಕೋಣೆಯ ಕಿಟಕಿ.
ಹಾಗಾದರೆ ಇಲ್ಲಿ ಬೇಡ,
ಸೀಮೆಸುಣ್ಣದ ಗುರುತನ್ನು ಹೆಬ್ಬೆರಳಲ್ಲಿ ಒರೆಸಿ
ಮೂರು ಮೊಳ ಬಲಕ್ಕೆ ಸರಿದರು.

ಅರಸೀಕೆರೆ, ರೈಲ್ವೆ ಗೇಟಿನ ಹಿಂದಿನ ಬೀದಿ,
ದಿನಕ್ಕೆ ಎಂಟು ಕೆ.ಜಿ. ನಿಪ್ಪಟ್ಟು ಕರಿಯುವ ಮನೆ.
ಸಿಲಿಂಡರಿನ ದರಕ್ಕೆ ಹೆದರಿ
ಸಂಘದ ಸಾಲದಲ್ಲಿ ಪೆಲೆಟ್ ಒಲೆ ತಂದೆ.
ಕಾಫಿ ಸಿಪ್ಪೆ ಒತ್ತಿ, ಬಳಪದ ತುಂಡಿನಷ್ಟಕ್ಕೆ ಮುರಿದ ಸೌದೆ,
ಒಲೆಯ ಬೆನ್ನಿಗೊಂದು ಫ್ಯಾನು, ಫ್ಯಾನಿಗೊಂದು ಬಾಯಿ,
ಬಾಯಿಗೆ ಕೊಳವೆ.
ಕೊಳವೆ ಎಂದರೆ ನನಗೆ ಗೊತ್ತಿದ್ದದ್ದು ಊದುಗೊಳವೆ:
ಉಸಿರು ಒಳಕ್ಕೆ, ಕಣ್ಣೀರು ಹೊರಕ್ಕೆ.

ಮೈದುನ ಮಹಾಲಿಂಗ ಆಗಲೇ ಒಂದು ತಂದಿಟ್ಟಿದ್ದ,
ಬೋರ್‌ವೆಲ್ಲಿಗೆ ತಂದು ಮಿಕ್ಕಿದ್ದ ಪಿವಿಸಿ ಪೈಪು.
ಹೊಗೆಗೇನು ಗೊತ್ತಾಗತ್ತೆ ಬಿಡಿ ಅತ್ತಿಗೆ, ಅಂದಿದ್ದ.
ಸಾಬರು ಅದನ್ನು ಹಿತ್ತಲಿಗೆ ಹೊತ್ತು ಹೋಗಿ
ಸೀಬೆ ಗಿಡದ ಬುಡಕ್ಕೆ ಒರಗಿಸಿದರು.
ನೀರಿಗೆ ಬಲು ಚೆನ್ನಾಗಿದೆ, ಎಂದರು.

ಅವರು ತಂದದ್ದು ಸ್ಟೀಲಿನೊಳಗೊಂದು ಸ್ಟೀಲು,
ನಡುವೆ ಕಿರುಬೆರಳೂ ತೂರದಷ್ಟು ಗಾಳಿ.
ಒಳಗಿನದು ಎಷ್ಟು ಕಾದರೂ
ಹೊರಗಿನದು ಮರ್ಯಾದೆ ಬಿಡಬಾರದು,
ದೊಡ್ಡ ಮನೆಯ ಸೊಸೆಯ ಥರ.
ನಾನು ನಗಲಿಲ್ಲ.
ಆಮೇಲೆ ಪಾತ್ರೆ ತೊಳೆಯುವಾಗ ನಕ್ಕೆ.

ಅಷ್ಟಾದರೂ ಮರದ ಗೂಡನ್ನು, ಕ್ಯಾಲೆಂಡರನ್ನು ದೂರ ಸರಿಸಿದರು.
ಗೋಡೆಯ ತೂತಿಗೆ ಮೊದಲು ತಗಡಿನ ಬಳೆ ತೊಡಿಸಿದರು.
ಕೀಲಿಗೆ ಕೆಂಪು ಸಿಲಿಕೋನ್ ಹಚ್ಚಿ
ಸುತ್ತಲೂ ಬೆರಳಿಂದ ಒತ್ತಿದರು,
ನಾನು ನಿಪ್ಪಟ್ಟಿನ ಅಂಚು ಒತ್ತುವ ಹಾಗೇ.
ಇಷ್ಟು ಹೊತ್ತಿನಲ್ಲಿ ನನಗೆ ಅರ್ಥವಾದ ಕೆಲಸ ಅದೊಂದೇ.

ಗೋಡೆ ದಾಟಿತಲ್ಲ, ಸಾಕು, ಎಂದ ಮಹಾಲಿಂಗ.
ಇನ್ನೂ ಎಂಟಡಿ ಮೇಲಕ್ಕೆ, ಎಂದರು ಸಾಬರು.
ಎಂಟಡಿಗೆ ಎಷ್ಟು? ಕೇಳಿ ಎದೆ ಧಸಕ್ಕೆಂದಿತು.
ನಾಲ್ಕಕ್ಕೆ ಇಳಿಸಿ ಎಂದೆ, ಐದಕ್ಕೆ ಎಂದೆ.
ಕೂಲಿಯಲ್ಲಿ ಮುರ್ಕೊಳ್ಳಿ ಅಕ್ಕ,
ಎತ್ತರದಲ್ಲಿ ಮುರೀಬೇಡಿ.
ಫ್ಯಾನು ಕರೆಂಟಿಂದು. ಕರೆಂಟು ಕೆಇಬಿದು.
ಕೆಇಬಿ ಯಾರ್ದು?
ಅದು ಹೋದಾಗ ಹೊಗೆ ತನ್ನಷ್ಟಕ್ಕೆ ತಾನು ಏರಬೇಕು,
ಇಲ್ಲಾಂದ್ರೆ ಬಂದ ಮನೆಗೇ ವಾಪಸ್ಸು.

ಕಾಣೋ ಹೊಗೆ ಪುಣ್ಯಾತ್ಮ, ಕೆಮ್ಮಿಸಿ ಎಬ್ಬಿಸತ್ತೆ.
ಕಾಣದ್ದೊಂದಿದೆ. ವಾಸನೆ ಇಲ್ಲ.
ಆಮೇಲೆ ಸ್ಕ್ರೂ ತಿರುಗಿಸುತ್ತ, ಸ್ಕ್ರೂಗೇ ಎಂಬಂತೆ ಹೇಳಿದರು:
ಕೊಟ್ಟಿಗೆಹಾರದ ಲಾಡ್ಜಲ್ಲಿ ಪೇಂಟ್ ಕೆಲಸಕ್ಕೆ ಹೋದ ಮೂರು ಹುಡುಗರು.
ಚಳಿ. ಬಾಣಲಿಯಲ್ಲಿ ಕೆಂಡ. ಬಾಗಿಲು ಭದ್ರ.
ಬೆಳಿಗ್ಗೆ ನೋಡಿದರೆ ಮೂವರ ಮುಖವೂ ಕೆಂಪಗೆ
ಈಗಷ್ಟೇ ಓಡಿ ಬಂದವರ ಹಾಗೆ.
ಒಬ್ಬನ ಚಪ್ಪಲಿ ಎಂಟನೇ ನಂಬರು.
ಹೆಸರು ಹೇಳಲಿಲ್ಲ. ನಾನು ಕೇಳಲಿಲ್ಲ.

ಒಲೆ ಹೊತ್ತಿಸಿ, ಊದುಬತ್ತಿ ಹಿಡಿದು
ಕೀಲು ಕೀಲಿಗೂ ಆರತಿ ಎತ್ತಿದರು.
ನೆಟ್ಟಗಿದ್ದ ಎಳೆ ಮೊಣಕೈ ಹತ್ತಿರ ನಡುಗಿತು.
ಒಲೆ ಆರಿಸಿ, ತಣಿಯಲು ಬಿಟ್ಟು
ಅದೊಂದನ್ನೇ ಬಿಚ್ಚಿ ಮತ್ತೆ ಮೊದಲಿಂದ.
ಮಗ್ಗಿ ತಪ್ಪಿದ ಹುಡುಗನಂತೆ ಬೇಜಾರಿಲ್ಲದೆ.
ತುದಿಗೆ ಗುಬ್ಬಿ ಕೂರದ ಹಾಗೆ ಟೋಪಿ.
ಕೊನೆಗೆ ಅವರೇ ಮೇನ್ ಸ್ವಿಚ್ ಎಳೆದು
ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತರು, ಬಹಳ ಹೊತ್ತು.

ಮೊನ್ನೆ ಏಳೂವರೆಗೆ ನಿಜವಾಗಿಯೂ ಕರೆಂಟ್ ಹೋಯಿತು.
ಬೀದಿಗೆ ಬೀದಿಯೇ ಓ ಎಂದಿತು.
ಫ್ಯಾನಿನ ಗುಂಯ್‌ಗುಡಿಕೆ ನಿಂತಾಗ
ಜಾಲರಿ ಬದಿಗಿಟ್ಟು ಸಂದಿಗೆ ಓಡಿ ಕತ್ತೆತ್ತಿದೆ.
ತಾರಸಿಯ ಮೇಲೆ, ಗೂಡ್ಸ್ ಗಾಡಿಯ ಬೆಳಕು ಹಾದಾಗ ಕಂಡಿತು:
ತೆಳ್ಳಗೆ, ಯಾರ ಹಂಗೂ ಇಲ್ಲದೆ,
ಜಯಶೀಲಮ್ಮನ ಕಿಟಕಿ ಕಡೆ ತಿರುಗಿಯೂ ನೋಡದೆ
ಏರುತ್ತಿತ್ತು.

ಆದರೂ ಒಳಗೆ ಬಂದು
ಕಿಟಕಿಯ ಒಂದು ಬಾಗಿಲು ತೆರೆದಿಟ್ಟೆ.
ಎಣ್ಣೆಯಲ್ಲಿ ನಿಪ್ಪಟ್ಟು ಕೆಂಪಗಾಗಿತ್ತು.